ನನ್ನ ಗ್ಯಾಸಿನ ಅಂಗಡಿ, ಆಯಿಯ ಮೂಗು

ಬೆಂಕಿಯ ಜೊತೆ ಬಾಳುವವನು ನಗು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದು ತಾನಾಗಿಯೇ ಅಂಗಡಿ ಕೇಳಿಕೊಂಡು ಬರುತ್ತದೆ. ಹುಮನಾಬಾದಿನ ದೊಡ್ಡ ರಸ್ತೆಯ ಮೇಲೆ ಇಪ್ಪತ್ತು ವರ್ಷಕ್ಕೂ ಮೇಲೆ ಗ್ಯಾಸ್ ವೆಲ್ಡಿಂಗ್ ಮಾಡಿದವನು ನಾನು. ಬಸವಕಲ್ಯಾಣದ ಕಡೆಯ ರೈತರು, ಕೊಡಂಬಲದ ಕಡೆಯ ಗಾಡಿಯವರು ಮುರಿದದ್ದು, ಸೀಳಿದ್ದು ಎಲ್ಲವನ್ನೂ ನನ್ನ ಮುಂದೆ ತಂದು ಸುರಿಯುತ್ತಿದ್ದರು. ನನ್ನ ಕೈಯಲ್ಲಿ ಕೂಡದೆ ವಾಪಸ್ ಹೋದ ಕಬ್ಬಿಣ ಬಹಳ ಕಡಿಮೆ. ಇದಕ್ಕಿಂತ ದೊಡ್ಡ ಮಾತೆಂದರೆ, ಅಷ್ಟು ವರ್ಷಗಳಲ್ಲಿ ನನ್ನ ಅಂಗಡಿಯಲ್ಲಿ ಒಬ್ಬರ ಕೂದಲೂ ಕೊಂಕಲಿಲ್ಲ. ಜಂಬ ಅನ್ನುವುದಿದ್ದರೆ ಅನ್ನಿ, ನನಗೇನೂ ಬೇಸರವಿಲ್ಲ.

ಕೆಲಸ ಕಲಿತದ್ದು ಹೈದರಾಬಾದಿನ ಒಬ್ಬ ಉಸ್ತಾದರ ಹತ್ತಿರ. ಅವರು ಹೇಳಿದ್ದು ಒಂದೇ ಮಾತು. ಅಸಿಟಿಲೀನ್ ಗ್ಯಾಸನ್ನು ಮನೆಗೆ ಬಂದ ಅಳಿಯನ ಹಾಗೆ ನೋಡಿಕೊಳ್ಳಬೇಕು. ನೂಕಬಾರದು, ಉರುಳಿಸಬಾರದು, ಬಿಸಿ ಮಾಡಬಾರದು, ಯಾವಾಗ ಸಿಟ್ಟಿಗೇಳುತ್ತಾನೋ ಎಂದು ಕಣ್ಣಿಟ್ಟಿರಬೇಕು. ಫರಕು ಇಷ್ಟೇ, ಅಳಿಯನನ್ನು ಕೂಡಿಸಬೇಕು, ಸಿಲಿಂಡರನ್ನು ನಿಲ್ಲಿಸಬೇಕು.

೧. ಒಗ್ಗರಣೆಯ ತಕರಾರು

ಅಂಗಡಿ ನಡೆಸುತ್ತಿದ್ದ ಜಾಗ ಪಕ್ಕದ ಮನೆಯ ಮುದುಕಿಯದು. ಊರೆಲ್ಲ ಅವರನ್ನು ಆಯಿ ಅನ್ನುತ್ತಿತ್ತು. ದಿನಾ ಲಿಂಗಪೂಜೆ ಆಗದೆ ನೀರು ಮುಟ್ಟುವವರಲ್ಲ. ಗುರುಗಳ ಮುಂದೆ ಮಾತು ಕೊಟ್ಟು ಉಳ್ಳಾಗಡ್ಡಿ, ಬಳ್ಳೊಳ್ಳಿ, ಅಂದರೆ ಈರುಳ್ಳಿ, ಬೆಳ್ಳುಳ್ಳಿ ಬಿಟ್ಟವರು. ನಲವತ್ತು ವರ್ಷದಿಂದ ಬಳ್ಳೊಳ್ಳಿಯ ಒಂದು ಎಸಳೂ ಅವರ ಹೊಸ್ತಿಲು ದಾಟಿರಲಿಲ್ಲ.

ಆಗ ನಮ್ಮ ಕಡೆ ಅಸಿಟಿಲೀನ್ ಸಿಲಿಂಡರಿನಲ್ಲಿ ಬರುತ್ತಿರಲಿಲ್ಲ. ಡ್ರಮ್ಮಿನಲ್ಲಿ ಕಾರ್ಬೈಡ್ ಕಲ್ಲು ಹಾಕಿ ನೀರು ಬಿಟ್ಟು ನಾವೇ ಗ್ಯಾಸ್ ಮಾಡಿಕೊಳ್ಳುತ್ತಿದ್ದೆವು. ಆ ಗ್ಯಾಸಿಗೆ ಥೇಟ್ ಬಳ್ಳೊಳ್ಳಿಯ ವಾಸನೆ. ಅಂಗಡಿ ತೆಗೆದ ಮೂರನೆಯ ದಿನ ಆಯಿ ಕೋಲು ಹಿಡಿದು ಬಾಗಿಲಿಗೆ ಬಂದರು. ವೆಲ್ಡಿಂಗ್ ಅಂತ ಹೇಳಿ ಖಾನಾವಳಿ ತೆಗೆದಿದ್ದೀಯಾ ಎಂದು ಕೇಳಿದರು. ನಾನು ಕಲ್ಲು ತೋರಿಸಿದೆ, ನೀರು ತೋರಿಸಿದೆ, ಡ್ರಮ್ಮು ತೋರಿಸಿದೆ. ಆಯಿ ಮೂಲೆ ಮೂಲೆ ಹುಡುಕಿದರು. ಒಲೆ ಸಿಗಲಿಲ್ಲ, ಬೋಗುಣಿ ಸಿಗಲಿಲ್ಲ. ಆದರೂ ಎಂಟು ದಿನದಲ್ಲಿ ಜಾಗ ಖಾಲಿ ಮಾಡಬೇಕೆಂದು ಹೇಳಿ ಹೋದರು.

ಏಳನೆಯ ದಿನ ನಾನು ಮನೆಯಲ್ಲಿ ಊಟಕ್ಕೆ ಕೂತಿದ್ದೆ. ಆಯಿ ಬಿಸಿಲಿನಲ್ಲಿ ಅಲ್ಲಿಗೇ ನಡೆದುಕೊಂಡು ಬಂದರು.

"ತಮ್ಮಾ, ನೀ ಇಲ್ಲಿ ಉಣ್ಣಾಕತ್ತಿ. ಅಲ್ಲಿ ಬೀಗ ಹಾಕಿದ ಅಂಗಡ್ಯಾಗ ಒಗ್ಗರಣಿ ಯಾರು ಹಾಕಾಕತ್ತಾರ?"

ತುತ್ತು ಬಿಟ್ಟು ಓಡಿದೆ. ಬಾಗಿಲು, ಕಿಟಕಿ ತೆರೆದಿಟ್ಟು, ಗಾಳಿ ಆಡಿದ ಮೇಲೆ ರಬ್ಬರ್ ಪೈಪಿನ ಮೇಲೆ ಸಾಬೂನಿನ ನೀರು ಸವರಿದೆ. ಒಂದು ಕಡೆ ಗುಳ್ಳೆ ಎದ್ದಿತು. ಕೂದಲೆಳೆಯಷ್ಟು ಸೀಳು, ನನ್ನ ಮೂಗಿಗೆ ತಿಳಿದೇ ಇರಲಿಲ್ಲ. ಉಂಡು ಬಂದು ನಾನು ಒಂದು ಕಡ್ಡಿ ಗೀರಿದ್ದರೆ ಅಂಗಡಿಯೂ ಇಲ್ಲ, ನಾನೂ ಇಲ್ಲ. ಆಯಿಯ ಕಾಲಿಗೆ ಬಿದ್ದೆ. ಅವರು, ಖಾಲಿ ಮಾಡುವುದು ಬೇಡ, ಆದರೆ ಊಟಕ್ಕೆ ಹೋಗುವಾಗ ತನಗೆ ಹೇಳಿ ಹೋಗಬೇಕು ಎಂದರು. ಅವತ್ತಿನಿಂದ ಆಯಿ ನನ್ನ ಅಂಗಡಿಯ ಕಾವಲು.

೨. ಗೋಡೆಯ ಪಾಪ

ಕಾರ್ಬೈಡ್ ಕರಗಿ ಉಳಿಯುವುದು ಬೆಳ್ಳಗಿನ ಸುಣ್ಣ. ಬಣ್ಣ ಹಾಲಿನಂಥದ್ದು. ಮನೆಗೆ ಬಳಿಯಲು ಬೇಕೆಂದು ಜನ ಬಕೆಟ್ ಹಿಡಿದು ಬರುತ್ತಿದ್ದರು. ಎರಡು ವಾರ ಬಯಲಿನಲ್ಲಿ ತೆರೆದಿಟ್ಟು, ಒಳಗಿನ ಗ್ಯಾಸೆಲ್ಲ ಹೋದ ಮೇಲೆ ಬಳಿಯಿರಿ ಎಂದು ನಾನು ಪ್ರತಿಯೊಬ್ಬರಿಗೂ ಹೇಳುತ್ತಿದ್ದೆ.

ಆಯಿಯ ಮಗ ಬಟ್ಟೆ ಅಂಗಡಿಯವರು, ಪುರುಸೊತ್ತಿಲ್ಲದ ಮನುಷ್ಯ. ಪಂಚಮಿ ಹತ್ತಿರ ಬಂತೆಂದು ಅವತ್ತಿನ ಸುಣ್ಣವನ್ನೇ ಒಯ್ದು ದೇವರ ಕೋಣೆಗೆ ಬಳಿಸಿಬಿಟ್ಟರು. ಸಂಜೆಗೆ ದೇವರ ಕೋಣೆಯೆಲ್ಲ ಬಳ್ಳೊಳ್ಳಿಯ ಘಮಘಮ. ಆಯಿ ಪೂಜೆಯ ಪೆಟ್ಟಿಗೆ ಎತ್ತಿಕೊಂಡು ಬಂದು ಹೊರಗಿನ ಕಟ್ಟೆಯ ಮೇಲೆ ಕೂತರು. ಮೂರು ದಿನ ಪೂಜೆ ಅಲ್ಲೇ, ಪ್ರಸಾದ ಅಲ್ಲೇ. ನಾನು ಹೋಗಿ, ದೀಪ ಮಾತ್ರ ಒಳಗೆ ಹಚ್ಚಬೇಡಿ, ಕಿಟಕಿ ಮುಚ್ಚಬೇಡಿ ಎಂದು ಕೈಮುಗಿದು ಬಂದೆ.

ಹಾದು ಹೋಗುವವರು ಏನಾಯಿತು ಆಯಿ ಎಂದು ಕೇಳಿದರೆ ಅವರದು ಒಂದೇ ಉತ್ತರ.

"ನಲವತ್ತು ವರ್ಷ ನಾ ತಿನ್ನಲಿಲ್ಲ. ಈಗ ನನ್ನ ಮಗ ಗ್ವಾಡಿಗೆ ತಿನಿಸ್ಯಾನ."

೩. ಒಂದು ಬೀಡಿಯಷ್ಟು ಬೆಂಕಿ

ಮುಂದೆ ಹೈದರಾಬಾದಿನಿಂದ ಗ್ಯಾಸಿನ ಸಿಲಿಂಡರು ಬರತೊಡಗಿದವು. ರಾಜೇಶ್ವರದ ಒಬ್ಬ ರೈತರ ಕಬ್ಬಿನ ಗಾಣ ಮುರಿದಿತ್ತು. ಕಿತ್ತು ತರುವ ಹಾಗಿರಲಿಲ್ಲ, ನಾವೇ ಹೋಗಬೇಕು. ಅವರು ಎತ್ತಿನ ಗಾಡಿ ಕಳಿಸಿದರು. ಗಾಡಿ ಹೊಡೆಯುವವ ಬೀಡಿಗೆ ಹುಟ್ಟಿದವನ ಹಾಗಿದ್ದ, ಒಂದು ಆರುವುದರೊಳಗೆ ಇನ್ನೊಂದು.

ನಾನು ಸಿಲಿಂಡರು ನಿಲ್ಲಿಸಿ, ಸುತ್ತ ಹುಲ್ಲಿನ ಚೀಲ ಇಟ್ಟು ಹಗ್ಗದಿಂದ ಬಿಗಿದೆ. ಬಾಣಂತಿಯನ್ನು ಕೂಡಿಸಿಕೊಂಡು ಹೋಗುವ ಹಾಗೆ ಗಾಡಿ ಹೊಡೆಯಬೇಕು, ದಾರಿಯುದ್ದಕ್ಕೂ ಬೀಡಿಯ ಮಾತೇ ಎತ್ತಬಾರದು ಎಂದು ತಾಕೀತು ಮಾಡಿದೆ. ನಿಜ ಹೇಳಬೇಕು, ಆ ಮನುಷ್ಯ ಮಾತು ಉಳಿಸಿಕೊಂಡ. ಬೀಡಿ ಕಿವಿಯ ಮೇಲೆ ಸಿಕ್ಕಿಸಿಕೊಂಡು ಒಂದೊಂದು ತಗ್ಗಿಗೂ ಇಳಿದು ಎತ್ತುಗಳನ್ನು ರಮಿಸಿ ನಡೆಸಿದ. ಎದುರಿಗೆ ಬಂದ ಗಾಡಿಯವ ಬೀಡಿ ಸೇದುತ್ತಿದ್ದರೆ ಅವನಿಗೂ ಬೈದ. ನನಗೆ ಅವನ ಮೇಲೆ ಅಭಿಮಾನ ಉಕ್ಕಿತು.

ಗಾಣದ ಹತ್ತಿರ ಸಿಲಿಂಡರು ಇಳಿಸಿ, ಜೋಡಣೆಗಳಿಗೆಲ್ಲ ಸಾಬೂನು ನೀರು ಹಚ್ಚಿ ನೋಡಿ, ಕನ್ನಡಕ ಹಾಕಿಕೊಂಡು ಬೆಂಕಿ ಹಚ್ಚಿದೆ. ಕಬ್ಬಿಣವನ್ನು ಬೆಲ್ಲದ ಪಾಕದ ಹಾಗೆ ಕರಗಿಸುವ ನೀಲಿ ಜ್ವಾಲೆ ಅದು. ಆ ಜ್ವಾಲೆಯ ಕಡೆಗೆ ಒಂದು ಮೀಸೆ, ಒಂದು ಬೀಡಿ ಬಗ್ಗಿ ಬರುವುದು ಕನ್ನಡಕದಲ್ಲಿ ಕಂಡಿತು. ಗಬಕ್ಕನೆ ಗ್ಯಾಸ್ ಬಂದ್ ಮಾಡಿದೆ. ಮೀಸೆ ಉಳಿಯಿತು.

ಉಳಿಸಿದ್ದಕ್ಕೆ ಶರಣು ಅಂದಾನು ಎಂದುಕೊಂಡರೆ, ಅವನ ಕಣ್ಣಲ್ಲಿ ನೀರು.

"ಹುಮನಾಬಾದಿಂದ ಇಲ್ಲಿತನಕ ನಿಮ್ಮ ಗ್ಯಾಸ್ ಜೋಪಾನ ಮಾಡೀನ್ರಿ. ಒಂದು ಬೀಡಿ ಹಚ್ಚೂವಷ್ಟು ಬೆಂಕಿ ಕೊಡಾಕ ನಿಮಗ ಮನಸ್ಸಾಗಲಿಲ್ಲ."

೪. ಬಸ್ಸಿನವರ ಪುಣ್ಯ

ದಸರೆಯಲ್ಲಿ ಎಲ್ಲರೂ ತಮ್ಮ ತಮ್ಮ ಆಯುಧಕ್ಕೆ ಎಣ್ಣೆ ಹಚ್ಚಿ, ದೀಪ ಬೆಳಗಿ ಪೂಜೆ ಮಾಡುತ್ತಾರೆ. ನನ್ನ ಆಯುಧಕ್ಕೆ ಎಣ್ಣೆಯೂ ಆಗದು, ದೀಪವೂ ಆಗದು. ಆಕ್ಸಿಜನ್ ಸಿಲಿಂಡರಿನ ಬಾಯಿಗೆ ಎಣ್ಣೆ ಜಿಡ್ಡು ತಗುಲಿದರೆ ಕಡ್ಡಿಯೂ ಬೇಡ, ತಾನೇ ಹೊತ್ತಿಕೊಳ್ಳುತ್ತದೆ. ಪೂಜೆ ಇಲ್ಲದ ಅಂಗಡಿ ತನ್ನ ಜಾಗದಲ್ಲಿ ಇರಕೂಡದು ಎಂದು ಆಯಿ ಹಟ ಹಿಡಿದರು. ಕೊನೆಗೆ ಒಪ್ಪಂದವಾಯಿತು. ಸಿಲಿಂಡರಿಗೆ ಹೂವು ಮಾತ್ರ, ಆರತಿ ರಸ್ತೆಯ ಆಚೆ ಬದಿಯಿಂದ.

ಆಯಿ ಆಚೆ ನಿಂತು ತಟ್ಟೆ ಎತ್ತಿ ಬೆಳಗುತ್ತಿದ್ದಾರೆ, ಅಷ್ಟರಲ್ಲಿ ಬಸವಕಲ್ಯಾಣದ ಬಸ್ಸು ಬಂತು. ಡ್ರೈವರು ನೋಡಿದ. ಓಣಿಯ ಮುತ್ತೈದೆಯರ ನಡುವೆ ನಿಂತ ವಯಸ್ಸಾದ ತಾಯಿ ತನ್ನ ಬಸ್ಸಿಗೆ ಆರತಿ ಎತ್ತುತ್ತಿದ್ದಾರೆ. ಬಸ್ಸು ನಿಲ್ಲಿಸಿ, ಚಪ್ಪಲಿ ಬಿಟ್ಟು ಇಳಿದು ಕೈಮುಗಿದ. ಹಿಂದೆ ಕಂಡಕ್ಟರು, ಅವನ ಹಿಂದೆ ಪ್ರಯಾಣಿಕರ ಸಾಲು. ಎಲ್ಲರೂ ಆರತಿ ತೆಗೆದುಕೊಂಡು ಹೋಗುವಷ್ಟರಲ್ಲಿ ಎಣ್ಣೆ ಮುಗಿದು ದೀಪ ಶಾಂತವಾಯಿತು. ಆ ವರ್ಷ ಪೂಜೆ ಆದದ್ದು ಬಸ್ಸಿಗೆ.

೫. ತಪಾಸಣೆ

ಪೇಟೆ ಬೆಳೆಯಿತು. ಯಾರೋ ಪುಣ್ಯಾತ್ಮರು, ನನ್ನ ಅಂಗಡಿ ಒಂದು ದಿನ ಇಡೀ ಪೇಟೆಯನ್ನು ಹಾರಿಸುತ್ತದೆ ಎಂದು ಮೇಲಿನವರಿಗೆ ಅರ್ಜಿ ಬರೆದರು. ತಪಾಸಣೆಗೆ ಒಬ್ಬ ಸಾಹೇಬರು ಬಂದರು. ಅವರು ಸರಿ ಇಲ್ಲ ಎಂದು ಬರೆದರೆ ನಾನು ಊರ ಹೊರಗೆ, ಗಿರಾಕಿ ಇಲ್ಲದ ಬಯಲಿಗೆ ಹೋಗಬೇಕು. ಅದಕ್ಕಿಂತ ಹೆಚ್ಚಾಗಿ, ಉಸ್ತಾದರ ಹೆಸರು ಕೆಡುತ್ತದೆ. ಹಿಂದಿನ ದಿನದಿಂದ ನನಗೆ ಅನ್ನ ಸೇರಿರಲಿಲ್ಲ.

ಸಾಹೇಬರು ತಮ್ಮ ಚೀಲವನ್ನು ಆಯಿಯ ಕಟ್ಟೆಯ ಮೇಲಿಟ್ಟು ಕಾಗದ ಹಿಡಿದು ಒಳಗೆ ಬಂದರು. ನಾನು ತೋರಿಸುತ್ತ ಹೋದೆ. ಸಿಲಿಂಡರು ನಿಂತಿವೆ, ಸರಪಳಿ ಇದೆ. ತಾಮ್ರದ ನಳಿಕೆ ಒಂದೂ ಇಲ್ಲ, ಈ ಗ್ಯಾಸಿಗೂ ತಾಮ್ರಕ್ಕೂ ಹಗೆ. ಮರಳಿನ ಬಕೆಟ್ ಇದೆ, ಗಾಳಿಗೆ ಕಿಟಕಿ ಇದೆ. ಸಾಹೇಬರು ಒಂದೊಂದಕ್ಕೂ ಗುರುತು ಹಾಕಿದರು. ಗ್ಯಾಸ್ ಸೋರಿದರೆ ಪತ್ತೆ ಹಚ್ಚುವ ಉಪಕರಣ ಏನಿದೆ ಎಂದು ಕೇಳಿದರು. ಸಾಬೂನು ನೀರು ತೋರಿಸಿದೆ. ಅದು ಎಲ್ಲಿ ಸೋರುತ್ತದೆ ಎಂದು ಹೇಳುತ್ತದೆ, ಸೋರುತ್ತಿದೆ ಎಂದು ಮೊದಲು ಹೇಳುವವರು ಯಾರು ಎಂದರು.

ನಾನು ಬಾಯಿ ತೆರೆಯುವುದರೊಳಗೆ ಕಟ್ಟೆಯಿಂದ ಆಯಿಯ ದನಿ ಬಂತು.

"ತಮ್ಮಾ, ವಾಸನಿ ಬರಾಕತ್ತದ. ಎಲ್ಲಾ ಬಂದ್ ಮಾಡು."

ಇಷ್ಟು ವರ್ಷದಲ್ಲಿ ಆಯಿಯ ಮೂಗು ಸುಳ್ಳು ಹೇಳಿದ್ದಿಲ್ಲ, ಅದು ಇವತ್ತೇ ವಾಸನೆ ಹಿಡಿಯಬೇಕೇ. ಒಂದು ಗಳಿಗೆ, ಕೇಳಿಸಲೇ ಇಲ್ಲ ಎನ್ನುವಂತೆ ಇದ್ದುಬಿಡಲೇ ಅನ್ನಿಸಿತು. ಆದರೆ ಕೈ ಆಗಲೇ ಸಿಲಿಂಡರು ಮುಚ್ಚುತ್ತಿತ್ತು. ಸಾಹೇಬರ ಕೈ ಹಿಡಿದು ಚೀಲದ ಸಮೇತ ರಸ್ತೆ ದಾಟಿಸಿ ಬೇವಿನ ಮರದ ಕೆಳಗೆ ನಿಲ್ಲಿಸಿದೆ. ಪಕ್ಕದ ಚಹಾದಂಗಡಿಯವನ ಒಲೆ ಆರಿಸಿದೆ. ಆಯಿಯನ್ನು ಕಟ್ಟೆಯಿಂದ ಇಳಿಸಿ ದೂರ ನಿಲ್ಲಿಸಿದೆ. ಗಾಳಿ ಆಡಲು ಬಿಟ್ಟು, ಒಂದೊಂದು ಜೋಡಣೆಗೂ ಸಾಬೂನು ನೀರು ಹಚ್ಚಿದೆ. ಗುಳ್ಳೆ ಇಲ್ಲ. ಎರಡನೆಯ ಸಲ ಹಚ್ಚಿದೆ. ಇಲ್ಲ.

ಸೆಕೆಗೆ ಬೆವರುತ್ತಿದ್ದ ಸಾಹೇಬರು, ವಯಸ್ಸಾದವರು, ಏನೋ ತಪ್ಪಿರಬೇಕು ಬಿಡಿ ಎಂದರು. ಆಯಿಗೆ ಅದು ತಡೆಯಲಿಲ್ಲ. ಕೋಲೂರಿಕೊಂಡು ಅಂಗಡಿಯೊಳಗೆ ಹೋಗಿ ಮೂಸಿದರು. ಇಲ್ಲಿ ಇಲ್ಲ ಎಂದರು. ಕಟ್ಟೆಯ ಹತ್ತಿರ ಮೂಸಿದರು. ಆಗ ಇತ್ತು, ಈಗ ಇಲ್ಲ. ರಸ್ತೆ ದಾಟಿ ಬೇವಿನ ಮರದ ಕೆಳಗೆ ಬಂದು ನಿಂತು, ಇಲ್ಲಿ ಅದ ಎಂದರು. ಸಾಹೇಬರು ಗಾಬರಿಯಿಂದ ನಾಲ್ಕು ಹೆಜ್ಜೆ ಸರಿದರು. ಆಯಿ ಕೋಲಿನಿಂದ ಅವರನ್ನೇ ತೋರಿಸಿ, ಈಗ ಅಲ್ಲಿಗೆ ಹೋತು ಎಂದರು.

ಸಾಹೇಬರು ನಿಧಾನವಾಗಿ ಹೆಗಲಿನ ಚೀಲಕ್ಕೆ ಕೈ ಹಾಕಿ ಊಟದ ಡಬ್ಬಿ ತೆಗೆದರು. ಜೋಳದ ರೊಟ್ಟಿ, ಅದರ ಮೇಲೆ ಒಂದು ಮುದ್ದೆ ಬಳ್ಳೊಳ್ಳಿ ಚಟ್ನಿ.

ಚಹಾದವನು ಮೊದಲು ನಕ್ಕ, ಆಮೇಲೆ ಸಾಹೇಬರೇ ನಕ್ಕರು. ಊಟ ಮಾತ್ರ ರಸ್ತೆಯ ಆಚೆಯೇ ಆಗಬೇಕೆಂದು ಆಯಿ ಕಟ್ಟಪ್ಪಣೆ ಮಾಡಿದರು. ಸಾಹೇಬರು ಮರದ ಕೆಳಗೆ ಕೂತು ಉಂಡು, ಕೈ ತೊಳೆದು, ಬಾಯಿ ಮುಕ್ಕಳಿಸಿ, ಕಟ್ಟೆಗೆ ಬಂದು ಕಾಗದ ತುಂಬಿದರು. ಆ ಕಾಗದಕ್ಕೆ ನಾನು ಗಾಜು ಹಾಕಿಸಿ ಉಸ್ತಾದರ ಫೋಟೋದ ಪಕ್ಕದಲ್ಲಿ ತೂಗುಹಾಕಿದ್ದೇನೆ. ಸೋರಿಕೆ ಪತ್ತೆ ಉಪಕರಣ ಎಂಬಲ್ಲಿ ಅವರು ಬರೆದದ್ದು ಇವತ್ತಿಗೂ ಸ್ಪಷ್ಟವಾಗಿ ಕಾಣುತ್ತದೆ.

"ಇದೆ. ಹಳೆಯದು. ಸುಸ್ಥಿತಿಯಲ್ಲಿದೆ."