ಎರಡು ರಿಪೀಟರ್‌ಗಳ ನಡುವೆ ಸೋದರಮಾವ

ನಮ್ಮ ಸೋದರಮಾವನಿಗೆ ಮನುಷ್ಯರ ಜೊತೆ ಮಾತಾಡಲು ಬರುವುದಿಲ್ಲ ಎಂದರೆ ಸಾಗರದಲ್ಲಿ ಯಾರೂ ನಂಬುವುದಿಲ್ಲ. ದಿನವಿಡೀ ಮಾತಾಡುತ್ತಾನಲ್ಲ! ಹೌದು, ಆದರೆ ಹ್ಯಾಮ್ ರೇಡಿಯೋದಲ್ಲಿ, ಕಣ್ಣಿಗೆ ಕಾಣದವರ ಜೊತೆ. ಅಲ್ಲಿ ತನ್ನ ಮಾತು ಮುಗಿಯಿತು, ಇನ್ನು ನಿನ್ನದು ಎನ್ನಲು 'ಓವರ್' ಎನ್ನಬೇಕು. ಆ ಚಾಳಿ ಈಗ ಊಟದ ಮನೆಗೂ ಬಂದಿದೆ.

"ಸಾರಿಗೆ ಉಪ್ಪು ಕಡಿಮೆ. ಓವರ್."

"ಡಬ್ಬಿ ನಿಮ್ಮ ಕೈ ಹತ್ರನೇ ಇದೆ, ಹಾಕ್ಕೊಳಿ," ಎನ್ನುತ್ತಾಳೆ ಅತ್ತೆ.

"ನೀನು ಓವರ್ ಅನ್ಲಿಲ್ಲ. ಓವರ್."

ಅತ್ತೆ ಅರ್ಧ ಊಟದಲ್ಲಿ ಎದ್ದು ಹೋದದ್ದೂ ಉಂಟು.

ತೀರ್ಥಹಳ್ಳಿಯಲ್ಲಿ ಮಾವನ ಪ್ರಾಣಸ್ನೇಹಿತರೊಬ್ಬರಿದ್ದಾರೆ. ಅವರದೂ ಇದೇ ಹುಚ್ಚು. ಹೊಸನಗರದ ಕಡೆಯ ಗುಡ್ಡದ ಮೇಲಿನ ಟವರಿನಲ್ಲಿ ಇಬ್ಬರೂ ಒಂದೊಂದು ರಿಪೀಟರ್ ಇಟ್ಟಿದ್ದಾರೆ. ಕೇಳಿದ್ದನ್ನು ಮುಂದಕ್ಕೆ ದಾಟಿಸುವುದು ಈ ಪೆಟ್ಟಿಗೆಗಳ ಕೆಲಸ. ನಮ್ಮ ಬೀದಿಯಲ್ಲಿ ಅದನ್ನು ಕರೆಂಟಿಲ್ಲದೆಯೇ ಮಾಡುವವರಿದ್ದಾರೆ. ಸ್ನೇಹಿತರ ಪೆಟ್ಟಿಗೆ ತೀರ್ಥಹಳ್ಳಿಯ ಮಾತು ಕೇಳಿ ಪಕ್ಕದ ಮಾವನ ಪೆಟ್ಟಿಗೆಗೆ ಕೊಡುತ್ತದೆ, ಮಾವನದು ಅದನ್ನು ಸಾಗರಕ್ಕೆ ಸಾರುತ್ತದೆ.

ಕಳೆದ ವರ್ಷ ಆ ಸ್ನೇಹಿತರು ಹಾಸಿಗೆ ಹಿಡಿದರು. "ಈ ಅವತಾರ ನೋಡಕ್ಕೆ ಬರ್ಬೇಡ ಮಾರಾಯ," ಎಂದುಬಿಟ್ಟರು. ಮಾವ ಬಸ್ ಸ್ಟ್ಯಾಂಡಿನಿಂದಲೇ ವಾಪಸಾದ.

"ಫೋನ್ ಮಾಡಿ ಮಾವ," ಎಂದೆ.

"ಫೋನಲ್ಲಿ ಎಲ್ಲರೂ ಕಾಯಿಲೆ ಹೇಗಿದೆ ಅಂತ ಕೇಳ್ತಾರೆ. ರೇಡಿಯೋದಲ್ಲಿ ಸಿಗ್ನಲ್ ಹೇಗಿದೆ ಅಂತ ಕೇಳ್ತಾರೆ. ಅವನಿಗೆ ಅಷ್ಟು ಸಾಕು ಕಣೆ."

ಆದರೆ ಹಾಸಿಗೆಯಿಂದ ಪುಟ್ಟ ಸೆಟ್ಟಿನಲ್ಲಿ ಬರುವ ಆ ದನಿ ಬಹಳ ಕ್ಷೀಣ. ಅದರ ಮೊದಲ ಪದಕ್ಕೇ ಗುಡ್ಡದ ಮೇಲೆ ಮಾವನ ಪೆಟ್ಟಿಗೆ ಸಾರಲು ಬಾಯಿ ತೆರೆಯುತ್ತಿತ್ತು. ಕಿವಿಯಲ್ಲೇ ಕೂಗಿದಂತಾಗಿ ಪಕ್ಕದ ಸ್ನೇಹಿತರ ಪೆಟ್ಟಿಗೆ ಕಿವುಡಾಗುತ್ತಿತ್ತು. "ಇವತ್ತು..." ಅಷ್ಟೇ. ಇವತ್ತು ಏನು? ಗಂಜಿ ಕುಡಿದರೇ? ಜ್ವರ ಏರಿತೇ? ತಳಮಳಿಸಿದ ಮಾವ ಮಾಡಿದ್ದೇನು ಗೊತ್ತೇ? ತನ್ನ ಪೆಟ್ಟಿಗೆಯ ಪವರ್ ಏರಿಸಿದ. "ಇವತ್ತು" ಎಂಬುದೂ ಬರದಾಯಿತು. ಪ್ರೀತಿಯಿಂದ ಗಟ್ಟಿಯಾಗಿ ಕೂಗಿ ಸ್ನೇಹಿತನ ಬಾಯಿ ಮುಚ್ಚಿಸಿದವನು ಇವನೊಬ್ಬನೇ ಇರಬೇಕು.

ತಪ್ಪು ತಿಳಿದ ಮೇಲೆ ಪವರ್ ಇಳಿಸಿದ. ಅದೂ ಸಾಲದೆ, ಒಂದರ ಕೂಗು ಇನ್ನೊಂದರ ಕಿವಿಗೆ ಬೀಳದಿರಲೆಂದು ತನ್ನ ಆಂಟೆನಾವನ್ನು ಸ್ನೇಹಿತನ ಆಂಟೆನಾದ ನೇರ ಕೆಳಗೆ, ಆದಷ್ಟು ದೂರಕ್ಕೆ ಇಳಿಸಬೇಕೆಂದ. ಟವರ್ ಹತ್ತುವವರು ಮಳೆ ಬಿಟ್ಟ ಮೇಲೆ ಬರುತ್ತೇವೆಂದಿದ್ದರು. ಮಾವ ಕಾಯಲಿಲ್ಲ. ಬೆಲ್ಟ್ ಕಟ್ಟಿಕೊಂಡು, ಹವಾಯಿ ಚಪ್ಪಲಿಯಲ್ಲೇ ಹತ್ತಿದ. ಕೆಳಗೆ ವಾಕಿಟಾಕಿ ಹಿಡಿದು ನಾನು.

ಆಂಟೆನಾ ಇಳಿಸಿ ಬಿಗಿದದ್ದೂ ಆಯಿತು. ಬೆಲ್ಟಿನ ಕೊಕ್ಕೆಯನ್ನು ಒಂದು ಪಟ್ಟಿಯಿಂದ ಬಿಡಿಸಿ ಇನ್ನೊಂದಕ್ಕೆ ಸಿಕ್ಕಿಸುವ ಆ ಚಣದಲ್ಲಿ, ಪಾಚಿಗಟ್ಟಿದ ಕಬ್ಬಿಣದ ಮೇಲೆ ಅವನ ಕಾಲು ಜಾರಿತು. ಒಂದು ಮೊಣಕೈಯಲ್ಲಿ ಜೋತುಬಿದ್ದ. ಏನೋ ಧಪ್ಪೆಂದು ನನ್ನ ಪಕ್ಕದಲ್ಲಿ ಬಿತ್ತು. ನೋಡುವ ಧೈರ್ಯ ಬರಲಿಲ್ಲ. ವಾಕಿಟಾಕಿ ಗೊರಗುಟ್ಟಿತು:

"ಚಪ್ಪಲಿ ಕೆಳಗೆ ಬಂತೇನೆ? ಓವರ್."

ನಾನು ಅತ್ತುಬಿಟ್ಟೆ. ಈಗಲೂ ಮೆಟ್ಟಿಲಲ್ಲಿ ಯಾರದಾದರೂ ಚಪ್ಪಲಿ ಜಾರಿದರೆ ನನ್ನ ಕೈ ಗೋಡೆ ಹುಡುಕುತ್ತದೆ.

ಅವತ್ತು ಸಂಜೆ ಮೊದಲ ಬಾರಿಗೆ ಪೂರ್ತಿ ವಾಕ್ಯ ಬಂತು: "ಇವತ್ತು ಎರಡು ತುತ್ತು ಅನ್ನ ತಿಂದೆ ಮಾರಾಯ." ಮಾವ ಮುಖ ಆಚೆ ತಿರುಗಿಸಿಕೊಂಡ.

ಈಚೆಗೆ ಆ ಸ್ನೇಹಿತರಿಗೆ ಮಾತಾಡುವ ಶಕ್ತಿಯಿಲ್ಲ. ಮಾತಾಡುವಾಗ ಒತ್ತುವ ಸೆಟ್ಟಿನ ಬಟನ್ ಒತ್ತಿ ಹಿಡಿದಿರುತ್ತಾರೆ, ಅಷ್ಟೇ. ಅವರು ಬಿಡುವವರೆಗೆ ಈ ಕಡೆಯಿಂದ ಮಾತಾಡುವಂತಿಲ್ಲ. ಹೋಗಿ ನೋಡುವ ಅಪ್ಪಣೆ ಇನ್ನೂ ಬಂದಿಲ್ಲ. ಮಾವ ಸೆಟ್ಟಿಗೆ ಕಿವಿಯಾನಿಸಿ ಕೂರುತ್ತಾನೆ. ತೀರ್ಥಹಳ್ಳಿಯ ಫ್ಯಾನಿನ ಸದ್ದು, ಅದರ ನಡುವೆ ತಡೆತಡೆದು ಬರುವ ಉಸಿರು, ದೂರದಲ್ಲಿ ಒಂದು ಕುಕ್ಕರ್ ಕೂಗು.

ಅತ್ತೆ ಮಿಕ್ಸಿ ನಿಲ್ಲಿಸಿ ಬಾಗಿಲಿಗೆ ಬರುತ್ತಾಳೆ.

"ಅವರ ಮನೇಲೂ ಅಡುಗೆ ಆಯ್ತು ಅನ್ಸುತ್ತೆ. ಏಳಿ, ಊಟ ಮಾಡಿ."

"ಇರೆ," ಎನ್ನುತ್ತಾನೆ ಮಾವ, ಪಿಸುಮಾತಿನಲ್ಲಿ. "ಅವನಿನ್ನೂ ಬಟನ್ ಬಿಟ್ಟಿಲ್ಲ."