ಸೋಂಬೇರಿಯನ್ನು ರಿಜೆಕ್ಟ್ ಮಾಡಿದ ದಿನ

ಯಾವುದು ಕೆಲಸಕ್ಕೆ ಬರುತ್ತದೆ, ಯಾವುದು ಬರುವುದಿಲ್ಲ ಎಂದು ಒಂದೇ ನೋಟಕ್ಕೆ ಹೇಳಬಲ್ಲವನು ನಮ್ಮ ಮನೆಯಲ್ಲಿ ನಾನೊಬ್ಬನೇ. ಇದು ಜಂಬವಲ್ಲ, ನನ್ನ ಉದ್ಯೋಗ. ಫ್ಯಾನ್ ಕಾರ್ಖಾನೆಯಲ್ಲಿ ನಾನು ಗುಣಮಟ್ಟ ಪರೀಕ್ಷಕ. ಸಾಲಾಗಿ ನೇತುಹಾಕಿದ ಫ್ಯಾನುಗಳ ಕೆಳಗೆ ಕತ್ತೆತ್ತಿಕೊಂಡು ನಡೆಯುತ್ತೇನೆ. ಜೋರಾಗಿ ತಿರುಗಿದ್ದು ಪಾಸು, ನಿಧಾನವಾಗಿ ತಿರುಗಿದ್ದಕ್ಕೆ ಕೆಂಪು ಚೀಟಿ. ನನ್ನ ಚೀಟಿ ಬಿದ್ದ ಫ್ಯಾನನ್ನು ಮ್ಯಾನೇಜರ್ ಕೂಡ ಮತ್ತೆ ಮುಟ್ಟುವುದಿಲ್ಲ. ಇಂಥ ನಾನು ಆ ಭಾನುವಾರ ಬೆಳಿಗ್ಗೆ, ಹೆಂಡತಿಯ ತಂಡವನ್ನು ಉದ್ಧಾರ ಮಾಡಿಯೇ ತೀರುತ್ತೇನೆಂದು ಸಂಕಲ್ಪ ಮಾಡಿದೆ!

ತಂಡವೆಂದರೆ ಪ್ರಾಣಿಗಳ ತಂಡ. ನನ್ನವಳು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಬಿಡುವು ಸಿಕ್ಕಾಗ ಟ್ಯಾಬ್ ಹಿಡಿದು, ವಿಚಿತ್ರ ಪ್ರಾಣಿಗಳನ್ನು ಸಾಕಿ ಪಳಗಿಸಿ, ಬೇರೆಯವರ ಪ್ರಾಣಿಗಳ ಮೇಲೆ ಕಾಳಗಕ್ಕೆ ಬಿಡುವ ಆಟ ಆಡುತ್ತಾಳೆ. ಊರಿನಲ್ಲಿ ಇದಕ್ಕೊಂದು ಕ್ಲಬ್ಬೇ ಇದೆ. ಅಂದು ಸಂಜೆ ಕ್ಲಬ್ಬಿನ ಫೈನಲ್. ಗೆದ್ದವರಿಗೆ ರಾಜಧಾನಿಯ ದೊಡ್ಡ ಪಂದ್ಯಕ್ಕೆ ಹೋಗುವ ಅವಕಾಶ, ಅದೂ ಒಬ್ಬರಿಗೆ ಮಾತ್ರ. ಎದುರಾಳಿ ಬೇರೆ ಯಾರೂ ಅಲ್ಲ, ಅವಳ ಸ್ವಂತ ತಮ್ಮ. ಕಳೆದ ಸಲ ಅವನೇ ಗೆದ್ದು, ವರ್ಷವಿಡೀ ಅದನ್ನೇ ಹೇಳಿ ಹೇಳಿ ಅಕ್ಕನ ಹೊಟ್ಟೆ ಉರಿಸಿದ್ದ. ಈ ಸಲ ಅವನ ಬಾಯಿ ಮುಚ್ಚಿಸಲೇಬೇಕೆಂದು ಅವಳು ಊಟ, ನಿದ್ದೆ ಬಿಟ್ಟು ತಂಡ ಕಟ್ಟಿದ್ದಳು.

ಬೆಳಗಿನ ಪಾಳಿಗೆ ಹೊರಡುವಾಗ ಅವಳು ಹೇಳಿದ್ದು ಇಷ್ಟೇ: “ಟ್ಯಾಬು ಚಾರ್ಜಿಗೆ ಹಾಕಿದೀನಿ. ತುಂಬಿದ ಮೇಲೆ ಸ್ವಿಚ್ ಆರಿಸಿ. ಬೇರೆ ಏನೂ ಮಾಡಬೇಡಿ.”

ಸ್ವಿಚ್ ಆರಿಸಿದೆ. ಆರಿಸಿದ ಕೈ ಸುಮ್ಮನಿರಲಿಲ್ಲ. ತಂಡವನ್ನೊಮ್ಮೆ ನೋಡಿಬಿಡೋಣ ಎಂದು ಆಟ ತೆರೆದೆ. ಮೊದಲನೆಯದರ ಹೆಸರು ಸೋಂಬೇರಿ. ಅದು ಪ್ರಾಣಿಯೋ, ಹಿಂಡದೆ ಬಿಟ್ಟ ಒದ್ದೆ ಕಂಬಳಿಯೋ ಹೇಳುವುದು ಕಷ್ಟ. ನಾನು ನೋಡುತ್ತಿರುವಂತೆಯೇ ಬಾಯಗಲಿಸಿ ಆಕಳಿಸಿತು. ಎರಡನೆಯದು ಬೀರು, ಅಂದರೆ ನಾಲ್ಕು ಗಿಡ್ಡ ಕಾಲುಗಳ ಮೇಲೆ ನಿಂತ ಕಪಾಟು. ಮೂರನೆಯದು ಬಂಡೆ. ಹೆಸರೇ ಸಾಕು, ವರ್ಣನೆ ಬೇಡ. ಒಂದೊಂದರ ಪಕ್ಕದಲ್ಲೂ ಬಲ, ಆಯಸ್ಸು, ವೇಗ ಎಂದು ಅಂಕಿಗಳಿದ್ದವು. ಬಲ, ಆಯಸ್ಸುಗಳ ಗೊಡವೆಗೆ ನಾನು ಹೋಗಲಿಲ್ಲ. ವೇಗ ನೋಡಿದೆ. ಮೂರರದ್ದೂ ಪಾತಾಳ. ನಮ್ಮ ಕಾರ್ಖಾನೆಯಲ್ಲಾಗಿದ್ದರೆ ಮೂರನ್ನೂ ಬಿಚ್ಚಿ ಗುಜರಿಗೆ ಹಾಕಿರುತ್ತಿದ್ದೆವು.

ಪಾಪ, ಅವಳಿಗೆ ತಿಳಿಯಲಿಲ್ಲ ಎನಿಸಿತು. ರಕ್ತದ ವಿಷಯವೇ ಬೇರೆ, ವೇಗದ ವಿಷಯವೇ ಬೇರೆ. ಆದರೆ ಬದಲಿ ಪ್ರಾಣಿಗಳನ್ನು ಎಲ್ಲಿಂದ ತರುವುದು? ಈ ಆಟದಲ್ಲಿ ಇನ್ನೊಬ್ಬ ಆಟಗಾರನ ಜೊತೆ ಅದಲುಬದಲು ಮಾಡಿಕೊಳ್ಳಬಹುದೆಂದು ಗೊತ್ತಿತ್ತು. ಆಟ ಬಲ್ಲ ಇನ್ನೊಬ್ಬ ಮನುಷ್ಯ ನನ್ನ ಪರಿಚಯದಲ್ಲಿ ಒಬ್ಬನೇ ಇದ್ದ. ಅವನಿಗೇ ಫೋನು ಮಾಡಿದೆ. ಹೌದು, ಬಾಮೈದನಿಗೆ.

ನೀವು ಹಣೆ ಚಚ್ಚಿಕೊಳ್ಳುತ್ತಿರಬಹುದು. ಆದರೆ ನನ್ನ ಲೆಕ್ಕಾಚಾರ ಬೇರೆಯೇ ಇತ್ತು. ನಮ್ಮ ಗುಜರಿಯನ್ನು ಶತ್ರುವಿನ ತಲೆಗೇ ಕಟ್ಟಿ, ಅವನ ಒಳ್ಳೆಯ ಮಾಲನ್ನು ಹೊಡೆದುಕೊಂಡು ಬರುವುದು! ಇಂಥ ಯುದ್ಧತಂತ್ರ ಯಾವ ಚಕ್ರವರ್ತಿಗೂ ಹೊಳೆದಿರಲಿಕ್ಕಿಲ್ಲ.

ವಿಷಯ ಕೇಳಿ ಬಾಮೈದ ಕೆಮ್ಮಿದ. ಅಕ್ಕನಿಗೆ ಗೊತ್ತೇ ಎಂದು ಕೇಳಿದ. ಇಲ್ಲ, ಅವಳಿಗೆ ಆಶ್ಚರ್ಯವಾಗಬೇಕು ಎಂದೆ. ಖಂಡಿತ ಆಗುತ್ತದೆ ಎಂದು ಅವನೂ ಒಪ್ಪಿದ.

“ಭಾವ, ನಿಮ್ಮ ಕಣ್ಣು ಅಂದ್ರೆ ಕಣ್ಣು. ನನ್ನ ಹತ್ರ ಚೆನ್ನಾಗಿ ಓಡೋವು ಮೂರಿವೆ. ನಿಮಗಲ್ಲದೆ ಇನ್ಯಾರಿಗೆ ಕೊಡಲಿ?”

ಸಂಬಂಧ ಎಂದರೆ ಹೀಗಿರಬೇಕು. ಎಲ್ಲೆಲ್ಲಿ ಒತ್ತಬೇಕೆಂದು ಅವನೇ ಹೇಳಿಕೊಟ್ಟ, ನಾನು ಒತ್ತಿದೆ. ಖಚಿತವೇ ಎಂದು ಆಟ ಕೇಳಿತು. ಖಚಿತವಿಲ್ಲದ ಕೆಲಸಕ್ಕೆ ಕೈ ಹಾಕುವ ಮನುಷ್ಯ ನಾನಲ್ಲ. ಸೋಂಬೇರಿ ಇನ್ನೊಮ್ಮೆ ಆಕಳಿಸಿ ಮಾಯವಾಯಿತು. ಅದರ ಜಾಗಕ್ಕೆ ಕಡ್ಡಿ ಕಾಲಿನ ಪುಟ್ಟ ಹಕ್ಕಿಯೊಂದು ಬಂತು, ಹೆಸರು ಚೂಟಿ. ಅದರ ಹಿಂದೆಯೇ ಒಂದು ಮೊಲ, ಒಂದು ಮಿಡತೆ. ಮೂರೂ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಮೋಸ ಹೋದ ಬಾಮೈದನ ಬಗ್ಗೆ ನನಗೆ ಮರುಕವೂ ಆಯಿತು.

ಮಧ್ಯಾಹ್ನ ಅವಳು ಬಂದು, ಕೈ ತೊಳೆದು, ಟ್ಯಾಬ್ ತೆರೆದಳು. ನಾನು ಹೊಗಳಿಸಿಕೊಳ್ಳಲು ತಯಾರಾಗಿ ಬಾಗಿಲಿಗೆ ಒರಗಿ ನಿಂತೆ.

“ಸೋಂಬೇರಿ ಎಲ್ಲಿ?”

“ರಿಜೆಕ್ಟ್ ಮಾಡಿದೆ.”

“ಏನು ನೋಡಿ?”

“ವೇಗ.”

ಅವಳು ಕುರ್ಚಿಯಲ್ಲಿ ಕುಸಿದಳು. ಕೂಗಾಡಿದ್ದರೆ ನಾನೂ ಕೂಗಾಡಬಹುದಿತ್ತು. ಅವಳು ಚಿಕ್ಕ ಮಗುವಿಗೆ ಪಾಠ ಹೇಳುವ ದನಿಯಲ್ಲಿ ವಿವರಿಸಿದಳು. ಸೋಂಬೇರಿ ಹೊಡೆದಾಡುವ ಪ್ರಾಣಿಯೇ ಅಲ್ಲವಂತೆ. ಅದಕ್ಕೆ ಗೊತ್ತಿರುವುದು ಒಂದೇ ವಿದ್ಯೆ. ಮೈದಾನಕ್ಕಿಳಿದು ಅದು ಆಕಳಿಸಿತೆಂದರೆ ಸರದಿಯೇ ತಿರುಗುಮುರುಗಾಗಿ, ಅತಿ ನಿಧಾನದ ಪ್ರಾಣಿ ಎಲ್ಲಕ್ಕಿಂತ ಮೊದಲು ಹೊಡೆಯುತ್ತದಂತೆ. ಆಗ ಬೀರು ಒಂದು ಸಲ ಮೈಮೇಲೆ ಬಿದ್ದರೆ ಎದುರಿನ ಚುರುಕು ಪ್ರಾಣಿ ಅಪ್ಪಚ್ಚಿ. ಅದಕ್ಕೇ ಅವಳು ಹುಡುಕಿ ಹುಡುಕಿ ನಿಧಾನದವನ್ನೇ ಆರಿಸಿದ್ದಳು!

“ಒಂದೊಂದನ್ನೇ ನೋಡಿ ಯೋಗ್ಯತೆ ಹೇಳಕ್ಕಾಗಲ್ಲ ರೀ. ಪಕ್ಕದಲ್ಲಿ ಯಾರಿದಾರೆ, ಎದುರಿಗೆ ಯಾರಿದಾರೆ, ಎರಡೂ ನೋಡಬೇಕು. ಹೋಗಲಿ, ಯಾರಿಗೆ ಕೊಟ್ರಿ?”

ಹೇಳಿದೆ. ಅವಳ ಕಣ್ಣಲ್ಲಿ ನೀರು ಬಂತು. ಕೂಡಲೇ ಬಾಮೈದನಿಗೆ ಫೋನು ಮಾಡಿ ವಾಪಸು ಕೊಡು ಎಂದು ಅಂಗಲಾಚಿದೆ. ಪಂದ್ಯ ಮುಗಿಯಲಿ ಭಾವ, ಆಮೇಲೆ ಮಾತಾಡೋಣ ಎಂದು ಅವನು ಫೋನು ಇಟ್ಟ.

ಅವಳು ಕಣ್ಣೊರೆಸಿಕೊಂಡು ನನ್ನ ಆಯ್ಕೆಗಳನ್ನು ಒಂದೊಂದಾಗಿ ನೋಡತೊಡಗಿದಳು. ಚೂಟಿಯ ಏಟಿಗೆ ಸೊಳ್ಳೆಯೂ ಸಾಯುವುದಿಲ್ಲ ಎಂದು ಗೊಣಗಿದಳು. ಇನ್ನೂ ಸ್ವಲ್ಪ ಕೆಳಗೆ ಓದಿದಳು. ಬೆರಳು ಅಲ್ಲೇ ನಿಂತಿತು.

“ಈ ಹಕ್ಕಿಗೆ ಏನು ಬರುತ್ತೆ ಅಂತ ಓದಿದ್ರಾ?”

“ಇಲ್ಲ. ವೇಗ ನೋಡಿದೆ.”

“ಗೊತ್ತಾಯ್ತು, ಬಿಡಿ,” ಎಂದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಸಂಜೆಯವರೆಗೆ ನಾನು ಅಡುಗೆ ಮಾಡಿದೆ, ಪಾತ್ರೆ ತೊಳೆದೆ, ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ.

ಕ್ಲಬ್ಬು ಇರುವುದು ದರ್ಜಿಯ ಅಂಗಡಿಯ ಮೇಲಿನ ಹಾಲಿನಲ್ಲಿ. ಗೋಡೆಯ ಮೇಲೆ ದೊಡ್ಡ ಪರದೆ. ಬಾಮೈದ ಹಲ್ಲು ಕಿಸಿದುಕೊಂಡು ಮೊದಲಿಗೇ ಸೋಂಬೇರಿಯನ್ನು ಇಳಿಸಿದ. ಅಕ್ಕನ ಪ್ರಾಣಿಯಿಂದಲೇ ಅಕ್ಕನನ್ನು ಸೋಲಿಸುವ ಆಸೆ ಅವನಿಗೆ ತಡೆಯಲಾಗುವುದಿಲ್ಲವೆಂದು ಅವಳಿಗೆ ಮೊದಲೇ ಗೊತ್ತಿತ್ತು. ಅವಳು ಚೂಟಿಯನ್ನು ಇಳಿಸಿದಳು. ಸೋಂಬೇರಿ ಆಕಳಿಸಲು ಬಾಯಿ ತೆರೆಯುವಷ್ಟರಲ್ಲಿ ಹಕ್ಕಿ ನಾಲಿಗೆ ಚಾಚಿ ಅಣಕಿಸಿಬಿಟ್ಟಿತು. ಅದರ ವಿದ್ಯೆ ಅದೊಂದೇ. ಅಣಕಿಸಿಕೊಂಡ ಪ್ರಾಣಿ ರೇಗಿ, ತನ್ನ ತಂತ್ರ ಮರೆತು, ಬರೀ ಹೊಡೆಯಲು ಹೋಗುತ್ತದೆ. ಸೋಂಬೇರಿಗೆ ಹೊಡೆಯಲು ಬರುವುದಿಲ್ಲ. ಬಾಮೈದ ಆ ಹಕ್ಕಿಯ ಬಲ ಮಾತ್ರ ನೋಡಿ ಅದನ್ನು ಮೂಲೆಗೆ ಹಾಕಿದ್ದನಂತೆ. ಸರದಿ ತಿರುಗಲಿಲ್ಲ. ಬೀರು, ಬಂಡೆಗಳು ಹೊಡೆಯಲು ಅಣಿಯಾಗುವ ಹೊತ್ತಿಗೆ ಮೊಲ, ಮಿಡತೆಗಳು ಕಚ್ಚಿ ಕಚ್ಚಿ ಅವನ್ನು ಸುಸ್ತು ಮಾಡಿದ್ದವು. ತುಂಬಾ ಹೊತ್ತು ಹಿಡಿಯಿತು, ಆದರೆ ಅವಳು ಗೆದ್ದಳು.

ನಾನು ಎದ್ದು ನಿಂತು, ಆ ಹಕ್ಕಿಯನ್ನು ಆರಿಸಿದವನು ನಾನೇ ಎಂದು ಅಕ್ಕಪಕ್ಕದವರಿಗೆಲ್ಲ ತಿಳಿಸಿದೆ. ಕೇಳದವರಿಗೂ ತಿಳಿಸಿದೆ.

ಅವಳು ನೇರವಾಗಿ ತಮ್ಮನ ಹತ್ತಿರ ಹೋಗಿ ತನ್ನ ಪ್ರಾಣಿಗಳನ್ನು ಕೇಳಿದಳು. ಸೋತ ಮುಖದಲ್ಲೂ ಅವನು ವ್ಯಾಪಾರ ಬಿಡಲಿಲ್ಲ. ಮೊಲ, ಮಿಡತೆಗೆ ಬದಲಾಗಿ ಬೀರು, ಬಂಡೆ ಕೊಡುತ್ತೇನೆ, ಸೋಂಬೇರಿ ಬೇಕಾದರೆ ಚೂಟಿಯನ್ನು ಕೊಡು ಎಂದ. ಚೂಟಿಯನ್ನು ಬಿಡಲು ಅವಳಿಗೀಗ ಮನಸ್ಸಿಲ್ಲ. ಸುತ್ತಮುತ್ತ ನೋಡಿದಳು. ಕಣ್ಣು ನನ್ನ ಮೇಲೆ ಬಿತ್ತು.

“ಚೂಟಿ ಬದಲಿಗೆ ನಿನ್ನ ಭಾವನ್ನ ಇಟ್ಕೋ.”

ನಾನು ಬೆನ್ನು ನೆಟ್ಟಗೆ ಮಾಡಿ ಅಂಗಿಯ ಕಾಲರ್ ಸರಿಪಡಿಸಿಕೊಂಡೆ. ಬಾಮೈದ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ನನ್ನ ಬೆನ್ನ ಹಿಂದೆ ಬಂದು ಅಲ್ಲಿಂದಲೂ ನೋಡಿದ.

“ಬೇಡ ಅಕ್ಕ,” ಎಂದ. “ಸೋಂಬೇರೀನ ಸುಮ್ನೆ ತಗೊಂಡು ಹೋಗು.”