ಹನ್ನೊಂದು ಗಂಟೆಯ ದನಿ

“ಇವನು ಎಂಜಿನಿಯರಾ? ಆಂಟೆನಾ ಕಟ್ಟೋ ಕಂಬ ರೀ ಇವನು! ಕಂಬಕ್ಕೆ ಹೊತ್ತು ಹೊತ್ತಿಗೆ ಊಟ ಹಾಕ್ಬೇಕಲ್ಲ, ಅದೊಂದೇ ನಷ್ಟ.”

ಗಾದಿಯೆಲ್ ಹೀಗೆಂದಾಗ ಇಕೀತೊಸ್ ನಗರದ ಕಾಲೇಜಿನ ಅಂಗಳದಲ್ಲಿ ರೇಡಿಯೊ ಸ್ಪರ್ಧೆಗೆ ಬಂದಿದ್ದ ತಂಡಗಳೆಲ್ಲ ಗೊಳ್ಳೆಂದು ನಕ್ಕವು. ಅವನದೇ ತಂಡದ ಅನ್ಸೆಲ್ಮೊ ಆಂಟೆನಾ ತಂತಿಯ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು ಮಾವಿನಮರ ಹತ್ತಿದ. ರೇಡಿಯೊದ ಗೊರಗೊರ ಸದ್ದನ್ನು ಸೋಸುವ ಸಾಫ್ಟ್‌ವೇರ್ ಬರೆದವನು ಅವನೇ. ಆದರೆ ಕೀಬೋರ್ಡಿನ ಮುಂದೆ ಕೂತವನು ಗಾದಿಯೆಲ್. ಯಾಕೆಂದರೆ ಕಂಪ್ಯೂಟರ್ ಗಾದಿಯೆಲ್‌ನ ಅಪ್ಪನದು. ಈ ಲೋಕದಲ್ಲಿ ಬುದ್ಧಿಗಿಂತ ಪ್ಲಗ್ಗು ಯಾರ ಮನೆಯದು ಅನ್ನುವುದೇ ಮುಖ್ಯ.

ಹಳೆಯ ರೇಡಿಯೊದಲ್ಲಿ ಸುರುಳಿ, ತಿರುಗಣಿಗಳು ಮಾಡುತ್ತಿದ್ದ ಕೆಲಸವನ್ನೆಲ್ಲ ಈ ಸ್ಪರ್ಧೆಯಲ್ಲಿ ಸಾಫ್ಟ್‌ವೇರ್ ಮಾಡಬೇಕು. ಎಲ್ಲಕ್ಕಿಂತ ಕ್ಷೀಣವಾದ ದನಿಯನ್ನು ಯಾರು ಸ್ಪಷ್ಟವಾಗಿ ಕೇಳಿಸುತ್ತಾರೋ ಅವರಿಗೆ ಬಹುಮಾನ. ಅನ್ಸೆಲ್ಮೊನಿಗೆ ಬಹುಮಾನದ ಹಂಬಲ ಇರಲಿಲ್ಲ. ಅವನಿಗೆ ಬೇಕಾಗಿದ್ದುದು ಒಂದೇ ಒಂದು ದನಿ.

ಅವನು ಮೆಚ್ಚಿದ ಲಿಂದೌರಾ ನರ್ಸಾಗಿ ನದಿಯ ಮೇಲ್ಭಾಗದ ಹಳ್ಳಿಗೆ ಹೋಗಿದ್ದಳು. ಅಲ್ಲಿ ಫೋನಿಲ್ಲ, ಆಸ್ಪತ್ರೆಯ ರೇಡಿಯೊ ಒಂದೇ ಗತಿ. ದೋಣಿ ಹೊರಡುವಾಗ ಅನ್ಸೆಲ್ಮೊ, “ನನ್ನನ್ನ ಮದುವೆ ಆಗ್ತೀಯಾ?” ಎಂದು ಕೇಳಿದ್ದ. ಅಷ್ಟರಲ್ಲಿ ಎಂಜಿನ್ ಶುರುವಾಯಿತು. ಅವಳ ತುಟಿ ಅಲುಗಿದ್ದು ಕಂಡಿತು, ಮಾತು ಕೇಳಿಸಲಿಲ್ಲ. ಅಂದಿನಿಂದ ಆ ತುಟಿಗಳನ್ನು ನೆನೆದು ನೆನೆದು ಅವನು ಒಣಮೀನಿನಂತೆ ಸೊರಗಿದ್ದ. ದಿನಾ ಬೆಳಗ್ಗೆ ಹನ್ನೊಂದಕ್ಕೆ ನದಿಯುದ್ದದ ಆಸ್ಪತ್ರೆಗಳೆಲ್ಲ ರೇಡಿಯೊದಲ್ಲಿ ಮಾತಾಡುತ್ತವೆ. ಆದರೆ ಅವರೊಡನೆ ಮಾತಾಡುವ ರೇಡಿಯೊ ಇದ್ದ ನಗರದ ಆರೋಗ್ಯ ಕಚೇರಿಗೆ ಹೋದಾಗ ಕಾವಲುಗಾರ ಇವನನ್ನು ಬೀದಿನಾಯಿಯಂತೆ ಅಟ್ಟಿದ್ದ. ಅದಕ್ಕೇ ಇವನು ಈ ತಂಡ ಸೇರಿದ್ದು. ನಿನ್ನೆ ದೋಣಿಯವನೊಬ್ಬ ಸುದ್ದಿ ತಂದಿದ್ದ: “ನಾಳೆ ಹನ್ನೊಂದಕ್ಕೆ ರೇಡಿಯೊದಲ್ಲಿ ಉತ್ತರ ಹೇಳ್ತಾಳಂತೆ.”

ಈ ಗುಟ್ಟನ್ನು ಅನ್ಸೆಲ್ಮೊ ಅಂಗಳದಲ್ಲಿ ಹಣ್ಣಿನ ಪಾನಕ ಮಾರುವ ಒತೀಲಿಯಕ್ಕನಿಗೆ ಮಾತ್ರ ಹೇಳಿದ್ದ. ಹಾಗಾಗಿ ಗಾದಿಯೆಲ್‌ನನ್ನು ಬಿಟ್ಟು ಊರಿಗೆಲ್ಲ ಗೊತ್ತಿತ್ತು.

ಭಾಷಣಗಳು ಬಸವನಹುಳದಂತೆ ತೆವಳಿದವು. ಇವರ ಸರದಿ ಬಂದಾಗ ಸರಿಯಾಗಿ ಹನ್ನೊಂದು. ಗಾದಿಯೆಲ್ ಯಾವುದೋ ಹಾಡಿನ ಸ್ಟೇಷನ್ ಹಿಡಿದು ಕೂತ.

“ಗಾದಿಯೆಲ್! ನದಿಯವರ ಕಡೆ ತಿರುಗಿಸೋ!” ಮರದಿಂದ ಅನ್ಸೆಲ್ಮೊ ಗೋಗರೆದ.

“ಕಂಬ ಮಾತಾಡಬಾರದು!”

ಒತೀಲಿಯಕ್ಕ ಒಂದು ಹೂಜಿ ಪಾನಕ ಹಿಡಿದು ಬಂದಳು. “ಗಂಟಲು ಒಣಗಿರುತ್ತೆ, ತಗೋ ಕಂದಾ” ಎನ್ನುತ್ತ ಅಷ್ಟನ್ನೂ ಗಾದಿಯೆಲ್‌ನ ಬಿಳಿ ಅಂಗಿಯ ಮೇಲೆ ಸುರಿದಳು. “ಅಯ್ಯೋ, ಕೈ ಜಾರಿಬಿಡ್ತು!”

ಗಾದಿಯೆಲ್ ಬೈಯುತ್ತ ನಲ್ಲಿಯತ್ತ ಓಡಿದ. ಅನ್ಸೆಲ್ಮೊ ಜಾರಿ ಇಳಿದ. ಪ್ಯಾಂಟಿನ ಅರ್ಧ ಮರದಲ್ಲೇ ಉಳಿಯಿತು. ಒಂದು ಕೈಯಲ್ಲಿ ಮಾನ ಮುಚ್ಚಿಕೊಂಡು ಇನ್ನೊಂದರಲ್ಲಿ ಕೀಲಿ ಒತ್ತಿ ನದಿಯವರ ಕಡೆ ತಿರುಗಿಸಿದ. ಗೊರಗೊರ ಕರಗಿತು.

“...ಜ್ವರದ ಮಾತ್ರೆ ಕಳಿಸಿ, ಕಾಂಬಿಯೊ.” ನನ್ನ ಮಾತು ಮುಗಿಯಿತು, ಈಗ ನೀನು ಎನ್ನಲು ನದಿಯವರು ಹೇಳುವುದೇ ಕಾಂಬಿಯೊ. ಆಚೆಯಿಂದ ‘ಕೇಳಿಸಿತು’ ಎಂದು ಬಾರದೆ ಅಲ್ಲಿ ಯಾರೂ ಮುಖ್ಯವಾದ ಮಾತು ಆಡುವುದಿಲ್ಲ.

ಆಮೇಲೆ, ತೀರ ಸಣ್ಣಗೆ, ನೀರಿನಡಿಯಿಂದ ಬಂದಂತೆ: “ಅನ್ಸೆಲ್ಮೊ, ಕೇಳಿಸ್ತಿದ್ಯಾ? ಕಾಂಬಿಯೊ.”

ಅನ್ಸೆಲ್ಮೊನ ಕಣ್ಣು ತುಂಬಿತು. ಅದೇ ದನಿ, ಕೊನೆಯಲ್ಲಿ ಸ್ವಲ್ಪ ಬಿರಿಯುವ ದನಿ.

“ಅನ್ಸೆಲ್ಮೊ, ಕೇಳಿಸಿತು ಅನ್ನು, ಹೇಳಿಬಿಡ್ತೀನಿ. ಕಾಂಬಿಯೊ.”

“ಕೇಳಿಸಿತು! ಲಿಂದೌರಾ, ಕೇಳಿಸಿತು!” ಅವನು ಕಂಪ್ಯೂಟರ್ ಪರದೆಗೆ ಮುಖವಿಟ್ಟು ಕಿರುಚಿದ.

“ಎಲ್ಲಿ ಕೂಗ್ತಿದೀಯೋ?” ಎಂದ ಪಕ್ಕದ ತಂಡದವನು. “ಇದಕ್ಕೆ ಕೇಳೋಕೆ ಮಾತ್ರ ಬರುತ್ತೆ. ಮಾತಾಡೋ ಭಾಗ ಎಲ್ಲಿ ಮಾಡಿದೀರಿ?”

ಹಗಲೂ ಇರುಳೂ ಕೇಳಬೇಕೆಂದೇ ಹಂಬಲಿಸಿದವನಿಗೆ ಯಂತ್ರಕ್ಕೊಂದು ಬಾಯಿ ಇಡಬೇಕೆಂದು ಹೊಳೆದೇ ಇರಲಿಲ್ಲ. ಆದರೂ ಕೂಗಿದ. ಒತೀಲಿಯಕ್ಕನೂ ಕೂಗಿದಳು. ಅಂಗಳಕ್ಕೆ ಅಂಗಳವೇ ಬಾಯಿಲ್ಲದ ಆ ಯಂತ್ರದ ಕಿವಿಗೆ, “ಕೇಳಿಸಿತು!” ಎಂದು ಅರಚಿತು.

ರೇಡಿಯೊದಲ್ಲಿ ಇನ್ನೊಬ್ಬ ಹೆಂಗಸಿನ ದನಿ: “ಬಿಡೇ ಹುಡುಗಿ. ನೀನು ಬೇಕು ಅಂತಿದ್ರೆ ಹೇಗಾದ್ರೂ ಮಾಡಿ ಉತ್ತರ ಕೊಡ್ತಿದ್ದ. ಕಾಂಬಿಯೊ.”

“ಹೌದಲ್ವಾ,” ಎಂದಳು ಲಿಂದೌರಾ. ಟಕ್ ಎಂದು ಅವಳ ರೇಡಿಯೊ ಆರಿತು.

ಅಂಗಳದಲ್ಲಿ ಚಪ್ಪಾಳೆ ಸಿಡಿಯಿತು. ಇಷ್ಟು ಕ್ಷೀಣವಾದ ದನಿಯನ್ನು ಇಷ್ಟು ತಿಳಿಯಾಗಿ ಹಿಡಿದದ್ದು ಇದೇ ಮೊದಲು ಎಂದು ತೀರ್ಪುಗಾರರು ಬಹುಮಾನ ಘೋಷಿಸಿದರು. ತೊಯ್ದ ಅಂಗಿಯ ಗಾದಿಯೆಲ್ ಓಡಿಬಂದು ಅದನ್ನು ಎರಡೂ ಕೈಯಲ್ಲಿ ಎತ್ತಿಹಿಡಿದ. ಆಮೇಲೆ ದೊಡ್ಡ ಮನಸ್ಸು ಮಾಡಿ ಮೈಕನ್ನು ಅನ್ಸೆಲ್ಮೊನ ಮೂತಿಗೆ ಚಾಚಿದ.

“ನಮ್ಮ ಕಂಬಾನೂ ಎರಡು ಮಾತಾಡಲಿ! ಏ ಅನ್ಸೆಲ್ಮೊ, ಕೇಳಿಸ್ತಿದ್ಯೇನೋ?”

ಕೊನೆಗೂ ಬಾಯಿ ಇರುವ ಯಂತ್ರವೊಂದು ಅವನೆದುರಿಗೆ ಬಂದಿತ್ತು. ಅದು ಕೇಳಿಸುವುದು ಕಾಲೇಜಿನ ಗೇಟಿನವರೆಗೆ ಮಾತ್ರ.

ಅನ್ಸೆಲ್ಮೊ ಹರಿದ ಪ್ಯಾಂಟನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಮೈಕನ್ನು ಪಕ್ಕಕ್ಕೆ ತಳ್ಳಿ, ದೋಣಿಗಳು ನಿಲ್ಲುವ ದಂಡೆಯ ಕಡೆ ನಡೆದ.